ಒಲ್ಲೆ ಎನ್ನಲು ಕಲಿಸಿದ ಆಪಾ

ಆಪಾ ತೀರಿಕೊಂಡ ಸುದ್ದಿ ಬಂದಾಗ ನಾನು ಹುಬ್ಬಳ್ಳಿಯ ಒಂದು ಹೋಟೆಲಿನ ಸಭಾಂಗಣದಲ್ಲಿ ಔಷಧ ಕಂಪನಿಯ ನೌಕರರಿಗೆ ‘ಪ್ರಾಮಾಣಿಕತೆ’ ಎಂಬ ವಿಷಯದ ಮೇಲೆ ಪಾಠ ಮಾಡುತ್ತಿದ್ದೆ. ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಬ್ಯಾಡಗಿಯಿಂದ ಅವರ ತಮ್ಮ.

"ಅಕ್ಕ ಹೋದ್ಳ್ರಿ ಸರ. ಸಂಜಿ ನಮಾಜಿಗಿಂತ ಮೊದಲ ಮಣ್ಣು ಮಾಡ್ತೇವ್ರಿ."

"ಈಗ ಹೊರಟೆ" ಎಂದೆ. ಆದರೆ ಊಟದ ನಂತರ ಪರೀಕ್ಷೆಯಿತ್ತು. ಪರೀಕ್ಷೆಯ ಹಾಳೆಗಳ ಮೇಲೆ ನನ್ನ ಸಹಿ ಬೀಳದಿದ್ದರೆ ಆ ದಿನದ ಪ್ರಾಮಾಣಿಕತೆಯೇ ನಡೆದಿಲ್ಲವೆಂದು ಅರ್ಥ. ಎಲ್ಲರೂ ಪಾಸಾದದ್ದನ್ನು ಖಾತ್ರಿ ಮಾಡಿಕೊಂಡು, ಸಹಿ ಹಾಕಿ ಹೊರಟೆ. ನಾನು ಬ್ಯಾಡಗಿ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಬಂದ ಜನ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಬಂದ್ರಲ್ಲ, ಅಷ್ಟ ಸಾಕು. ಕುಂದ್ರಿ ಸರ" ಎಂದು ಆಪಾನ ತಮ್ಮ ಒಂದು ಕುರ್ಚಿ ಎಳೆದು ಕೊಟ್ಟರು. ಕೂತೆ. ಆದರೆ ಅಷ್ಟು ಸಾಲದು ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರೂ ನಾನು ಅವರನ್ನು ಹೆಸರು ಹಿಡಿದು ಕರೆದವನಲ್ಲ. ಆಸ್ಪತ್ರೆಯಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಅವರು ಆಪಾ, ಎಂದರೆ ಅಕ್ಕ. ಹಳ್ಳಿಯಿಂದ ಬರುವ ಮುದುಕಿಯರಿಗೆ ಮಾತ್ರ ‘ನರ್ಸಬಾಯಿ’. ಕಾಗಿನೆಲೆಯ ಕಡೆ ಸರಕಾರಿ ದವಾಖಾನೆಯಲ್ಲಿ ಜೀವಮಾನವಿಡೀ ನರ್ಸ್ ಆಗಿದ್ದು ನಿವೃತ್ತರಾದ ಮೇಲೆ, ಮನೆಯಲ್ಲಿ ಕೂರಲಾಗದೆ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆ ಸೇರಿದ್ದರು. ದಿನವೂ ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ತಲೆಗೆ ಬಿಳಿ ಓಢಣಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಯಾರೊಂದಿಗಾದರೂ ಮುಖ್ಯವಾದ ಮಾತಾಡುವುದಿದ್ದರೆ ಮೊದಲು ಕನ್ನಡಕ ತೆಗೆಯುತ್ತಿದ್ದರು. ಎಲ್ಲರೂ ಹಾಕಿಕೊಂಡು ನೋಡಿದರೆ ಇವರು ತೆಗೆದು ನೋಡುವರು.

ಆ ಆಸ್ಪತ್ರೆಯ ದೊಡ್ಡ ಡಾಕ್ಟರು ಎರಡನೇ ಮಹಡಿಯಲ್ಲಿ ‘ಸಂಶೋಧನಾ ವಿಭಾಗ’ ತೆರೆದಿದ್ದರು. ವಿಭಾಗವೆಂದರೆ ಎರಡು ಕೋಣೆ, ಒಂದು ಎ.ಸಿ., ಬೀಗ ಹಾಕುವ ಒಂದು ಕಬ್ಬಿಣದ ಕಪಾಟು. ಮುಂಬೈಯ ಒಂದು ಔಷಧ ಕಂಪನಿ ಸಕ್ಕರೆ ಕಾಯಿಲೆಯವರ ಅಂಗಾಲು ಉರಿಗೆ ಹೊಸ ಮುಲಾಮು ಮಾಡಿತ್ತು. ಮೆಣಸಿನಕಾಯಿಯ ಖಾರದ ಸತ್ವವೇ ಅದರ ಜೀವಾಳ. ಹಚ್ಚಿದಾಗ ಮೊದಲು ಉರಿಯುತ್ತದೆ, ಬರಬರುತ್ತ ಕಾಲಿನ ಉರಿಯೇ ತಗ್ಗುತ್ತದೆ ಎಂಬುದು ಕಂಪನಿಯ ನಂಬಿಕೆ. ನಂಬಿಕೆ ಖರೆಯೋ ಸುಳ್ಳೋ ನೋಡಲು ಕಾಲುಗಳು ಬೇಕಾಗಿದ್ದವು. ಮೆಣಸಿನಕಾಯಿ ಮುಲಾಮಿಗೆ ಬ್ಯಾಡಗಿ ಸೀಮೆಯ ಕಾಲುಗಳಿಗಿಂತ ಯೋಗ್ಯವಾದವು ಎಲ್ಲಿ ಸಿಕ್ಕಾವು ಎಂದು ಯಾರೋ ಮುಂಬೈಯಲ್ಲಿ ಕೂತು ಯೋಚಿಸಿರಬೇಕು. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ.

ನಾನು ಆ ವಿಭಾಗದ ‘ಕಂಪ್ಲಾಯನ್ಸ್ ಸಂಯೋಜಕ’. ಎಂದರೆ, ಎಲ್ಲವೂ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡುವವನು. ಅದಕ್ಕೂ ಮೊದಲು ಬ್ಯಾಗು ಹೊತ್ತು ಡಾಕ್ಟರುಗಳ ಬಾಗಿಲಲ್ಲಿ ನಿಲ್ಲುತ್ತಿದ್ದ ಮೆಡಿಕಲ್ ರೆಪ್. ಮೂರು ದಿನದ ತರಬೇತಿಯಲ್ಲಿ ಧರ್ಮಾಧಿಕಾರಿಯಾಗಿ ಬಂದಿದ್ದೆ. ನನ್ನ ಬಾಗಿಲ ಮೇಲಿನ ಬೋರ್ಡು ಓದಿದ ಜನ ಅದನ್ನು ಕಂಪ್ಲೇಂಟ್ ಆಫೀಸು ಎಂದು ತಿಳಿದರು. ಮೊದಲ ವಾರ ಬಂದವರೆಲ್ಲ ಕ್ಯಾಂಟೀನಿನ ಚಹಾ ತಣ್ಣಗಿದೆ, ಹೆಂಗಸರ ಸಂಡಾಸಿನ ಚಿಲಕ ಬೀಳುವುದಿಲ್ಲ ಎಂದು ಹೇಳಲು ಬಂದವರೇ. ಅದು ನನ್ನ ವ್ಯಾಪ್ತಿಯಲ್ಲ ಎಂದು ಎಲ್ಲರನ್ನೂ ತಿರುಗಿ ಕಳಿಸಿದೆ. ಪಕ್ಕದ ಮೇಜಿನಲ್ಲಿದ್ದ ಆಪಾ ಎದ್ದು ಹೋಗಿ ಬಡಗಿಯನ್ನು ಕರೆಸಿದರು.

"ನೀವು ಹೋಗಿ ನೋಡಿದ್ರೇನ್ರಿ ಚಿಲಕ?" ಎಂದು ಕೇಳಿದೆ.

"ಮೂರು ಹೆಣ್ಮಕ್ಕಳು ಬ್ಯಾರೆ ಬ್ಯಾರೆ ದಿನ ಬಂದು ಒಂದ ಮಾತು ಹೇಳ್ಯಾರಂದ್ರ, ಚಿಲಕ ಖರೇನ ಬೀಳಂಗಿಲ್ಲ ಬಿಡ್ರಿ."

ನನ್ನ ಮೂರು ದಿನದ ತರಬೇತಿಯಲ್ಲಿ ತನಿಖೆಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಆಪಾನ ಕೆಲಸ ರೋಗಿಗಳಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು. ಕಂಪನಿ ಕಳಿಸಿದ ಪತ್ರ ಹದಿನಾರು ಪುಟದ್ದು. ಕನ್ನಡದಲ್ಲೇ ಇತ್ತು, ಆದರೆ ಅಂಥ ಕನ್ನಡವನ್ನು ಹಾವೇರಿ ಜಿಲ್ಲೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ‘ಲೇಪನ ಸ್ಥಳದಲ್ಲಿ ಸೌಮ್ಯದಿಂದ ಮಧ್ಯಮ ಪ್ರಮಾಣದ ದಾಹಕ ಸಂವೇದನೆ ಉದ್ಭವಿಸಬಹುದಾದ ಸಂಭಾವ್ಯತೆಯನ್ನು ತಳ್ಳಿಹಾಕಲಾಗದು.’ ಇದನ್ನು ಓದಿ ಹೇಳಬೇಕು, ಓದಿದ್ದು ಕ್ಯಾಮೆರಾದಲ್ಲಿ ದಾಖಲಾಗಬೇಕು, ಕೊನೆಗೆ ಹೆಬ್ಬೆಟ್ಟು. ಬೇರೆ ಊರಿನ ಕೇಂದ್ರಗಳಲ್ಲಿ ಇದು ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಆಪಾಗೆ ಒಬ್ಬರಿಗೇ ಒಂದು ತಾಸು ಹಿಡಿಯುತ್ತಿತ್ತು.

ಒಂದು ಸಲದ್ದು ನನಗೆ ಚೆನ್ನಾಗಿ ನೆನಪಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಗಂಡನ ಜೊತೆ ಬಂದಿದ್ದಳು.

"ಎಲ್ಲಿ ಒತ್ತಬೇಕ್ರಿ ಹೆಬ್ಬಟ್ಟು?" ಎಂದು ಗಂಡನೇ ಕೇಳಿದ.

"ಒತ್ತೂದು ಕಡೀಕ. ನೀವು ಕೆಳಗ ಹೋಗಿ ಚಾ ಕುಡದ ಬರ್ರಿ" ಎಂದು ಆಪಾ ಅವನನ್ನು ಸಾಗಹಾಕಿದರು. ಮೇಜು ಬಳಸಿ ಬಂದು ಆಕೆಯ ಬೆಂಚಿನ ಮೇಲೇ ಕೂತು, ಕನ್ನಡಕ ತೆಗೆದರು.

"ಏನಂತ ಹೇಳಿ ಕರಕೊಂಡು ಬಂದಾರವಾ ನಿನ್ನ?"

"ಫುಕಟ್ ಮುಲಾಮ ಕೊಡ್ತಾರಂತ. ನಮ್ಮವ್ರು ಹೂಂ ಅಂದಾರ್ರಿ."

"ಉರಿ ಯಾರ ಕಾಲಾಗ ಐತಿ?"

"ನನ್ನ ಕಾಲಾಗ್ರಿ."

"ಮತ್ತ ಅವರು ಹೆಂಗ ಹೂಂ ಅಂದ್ರು?"

ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಪಾ ಆಕೆಯ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕಸಬರಿಗೆಯ ಒಂದು ಕಡ್ಡಿಯಿಂದ ಅಲ್ಲಲ್ಲಿ ಮುಟ್ಟಿ, ಕಣ್ಣು ಮುಚ್ಚಿಸಿ, "ಈಗ ಎಲ್ಲಿ ಮುಟ್ಟೇನಿ? ಈಗ?" ಎಂದು ಕೇಳಿದರು. ಕಾಲಿಗೆ ಸ್ಪರ್ಶವೇ ತಿಳಿಯದವರಿಗೆ ಈ ಮುಲಾಮು ಕೊಡಬಾರದು ಎಂದು ಪತ್ರದ ಒಂಬತ್ತನೇ ಪುಟದಲ್ಲಿತ್ತು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲವಲ್ಲ. ಅದನ್ನು ನೋಡಬೇಕಾದವರು ಡಾಕ್ಟರು. ಡಾಕ್ಟರಿಗೆ ಪುರಸೊತ್ತಿರಲಿಲ್ಲ, ಆಪಾನ ಬಳಿ ಕಡ್ಡಿ ಇತ್ತು.

"ಕಾಲೇನೋ ಎಚ್ಚರ ಐತಿ. ಈಗ ಕೇಳು. ಹಚ್ಚಿದ ಕೂಡ್ಲೇ ಉರಿತೈತಿ. ಕಾಯಿ ಬಿಡಿಸಿದ ಕೈಲೆ ಕಣ್ಣ ತಿಕ್ಕೊಂಡಿ ಅಂತ ತಿಳಿ. ಹಂಗ."

"ಯವ್ವಾ!"

"ಇಬ್ಬರೊಳಗ ಒಬ್ಬರಿಗೆ ಖರೇ ಮದ್ದು, ಒಬ್ಬರಿಗೆ ಬರೇ ಜಿಡ್ಡು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ."

"ಡಾಕ್ಟರಿಗೇ ಗೊತ್ತಿಲ್ಲಂದ್ರ ಹೆಂಗ್ರಿ?"

"ಗೊತ್ತಿದ್ರ ನಿನ್ನ ಯಾಕ ಕರೀತಿದ್ರು? ಗೊತ್ತು ಮಾಡ್ಕೊಳ್ಳಾಕ ಕರದಾರ."

ಆಕೆ ದನಿ ತಗ್ಗಿಸಿದಳು. "ಒಲ್ಲೆ ಅಂದ್ರ ಬೈತಾರೇನ್ರಿ?"

"ಯಾರೂ ಬೈಯಂಗಿಲ್ಲ. ಈಗಿನ ಗುಳಿಗಿ ಹಂಗ ಕೊಡ್ತಾರ. ಒಮ್ಮೆ ಅಂದ ನೋಡು."

"ಏನ್ರಿ?"

"ಒಲ್ಲೆ ಅಂತ."

"ಒಲ್ಲೇರಿ…"

"ನನಗ ಕೇಳಲಿಲ್ಲ."

"ಒಲ್ಲೆ!" ಎಂದು ಆಕೆ ಕೂಗಿದ್ದು ಹೊರಗಿನ ವರಾಂಡದಲ್ಲಿದ್ದವರಿಗೂ ಕೇಳಿಸಿತು. ಕೂಗಿದ ಮೇಲೆ ತನ್ನ ಅಂಗಾಲು ಸವರಿಕೊಳ್ಳುತ್ತ, "ಅಲ್ರೀ ನರ್ಸಬಾಯಿ, ಉರಿ ಕಡಿಮಿ ಆದ್ರೂ ಆಗಬಹುದಲ್ರಿ?" ಎಂದಳು.

"ಆಗಬಹುದು."

"ಹಂಗಾರ ಬರ್ತೇನ್ರಿ. ರಾತ್ರಿ ನಿದ್ದಿ ಇಲ್ಲ ನನಗ."

ಚಹಾ ಕುಡಿದು ಬಂದ ಗಂಡ ಮತ್ತೆ ಹೆಬ್ಬೆಟ್ಟು ಎಲ್ಲೆಂದು ಕೇಳಿದಾಗ ಆಕೆಯೇ, "ನಂದು ನಾ ಒತ್ತೇನಿ, ನೀವು ಸುಮ್ಮ ಕುಂದ್ರಿ" ಎಂದಳು.

ಆದರೆ ಎಲ್ಲರೂ ಹೀಗೆ ತಿರುಗಿ ಬರುತ್ತಿರಲಿಲ್ಲ. ಬಹಳ ಜನ ಒಲ್ಲೆ ಎಂದು ಹೇಳಿ, ಅದೇ ಬೆಂಚಿನಲ್ಲಿ ರೊಟ್ಟಿ ಬಿಚ್ಚಿ ಉಂಡು, ಆಪಾಗೂ ಒಂದು ತುಂಡು ಕೊಟ್ಟು ಊರಿಗೆ ಹೋಗುತ್ತಿದ್ದರು.

ಕಂಪನಿಯವರು ತಿಂಗಳಿಗೊಮ್ಮೆ ಕಂಪ್ಯೂಟರಿನ ಪರದೆಯ ಮೇಲೆ ಸಭೆ ನಡೆಸಿ ಎಲ್ಲ ಕೇಂದ್ರಗಳನ್ನೂ ಬಣ್ಣದಲ್ಲಿ ತೋರಿಸುತ್ತಿದ್ದರು. ಉಳಿದವೆಲ್ಲ ಹಸಿರು, ರಾಣೆಬೆನ್ನೂರು ಮಾತ್ರ ಕೆಂಪು. ಒಂದು ಕೇಂದ್ರದಲ್ಲಂತೂ ಕೇಳಿದವರಲ್ಲಿ ಒಬ್ಬರೂ ಬೇಡ ಎಂದಿರಲಿಲ್ಲ. ಮಾತಾಡಿಸಿದ ಪ್ರತಿಯೊಬ್ಬ ಮನುಷ್ಯನೂ ಹೂಂ ಎನ್ನುವ ಊರು ಈ ದೇಶದಲ್ಲಿ ಎಲ್ಲಿದೆ ಎಂಬ ಅನುಮಾನ ಯಾರಿಗೂ ಬರಲಿಲ್ಲ. ಅನುಮಾನ ಬಂದದ್ದು ನಮ್ಮ ಮೇಲೆ.

"ಏನಪಾ, ನಮ್ಮ ಮಂದಿ ಅಷ್ಟ ಯಾಕ ಒಲ್ಲೆ ಅಂತಾರ?" ದೊಡ್ಡ ಡಾಕ್ಟರು ನನ್ನನ್ನು ಕರೆಸಿ ಕೇಳಿದರು. "ನೀನು ಅದಿ, ಆಕಿ ಅದಾಳ. ತಪ್ಪು ಯಾರದೋ ಒಬ್ಬರದು ಇರಬೇಕಲ್ಲ."

ಇಬ್ಬರಲ್ಲಿ ಒಬ್ಬರನ್ನು ಆರಿಸುವುದಿದ್ದರೆ ಯಾರನ್ನು ಎಂದು ನಾನು ಬಹಳ ಯೋಚಿಸಬೇಕಾಗಲಿಲ್ಲ. ಅಂದೇ ಮಧ್ಯಾಹ್ನ ಮುಂಬೈಗೆ ಮೇಲ್ ಕಳಿಸಿದೆ. ‘ಒಪ್ಪಿಗೆ ಪಡೆಯುವಾಗ ಅನುಮೋದಿತ ಪಠ್ಯದಿಂದ ವಿಚಲನೆ ಕಂಡುಬಂದಿದೆ.’ ಆಪಾ ಪಕ್ಕದ ಮೇಜಿನಲ್ಲೇ ಕೂತು ಯಾರದೋ ಫೋನ್ ನಂಬರು ಬರೆದುಕೊಳ್ಳುತ್ತಿದ್ದರು.

ತನಿಖೆಗೆ ಇಬ್ಬರು ಬಂದರು. ಒಬ್ಬರು ಕಂಪನಿಯ ವಕೀಲೆ, ನಲವತ್ತರ ಆಸುಪಾಸಿನವರು. ಇನ್ನೊಬ್ಬ ಅವರ ಲ್ಯಾಪ್‌ಟಾಪಿನವನು. ಎರಡು ದಿನ ಬಾಗಿಲು ಹಾಕಿಕೊಂಡು ಆಪಾನ ವಿಡಿಯೋಗಳನ್ನೆಲ್ಲ ನೋಡಿದರು. ಮೂರನೇ ದಿನ ಆಪಾನ ವಿಚಾರಣೆ. ದುಭಾಷಿಯಾಗಿ ನನ್ನನ್ನು ನಡುವೆ ಕೂರಿಸಿದರು. ವಕೀಲೆ ಹಿಂದಿಯಲ್ಲಿ ಮೊದಲ ಪ್ರಶ್ನೆ ಕೇಳಿದ ಕೂಡಲೇ ಆಪಾ ಉರ್ದುವಿನಲ್ಲಿ ಉತ್ತರಿಸಿದರು. ನನಗೆ ಬಿಸ್ಕತ್ತಿನ ತಟ್ಟೆಯನ್ನು ಆಚೀಚೆ ಸರಿಸುವ ಕೆಲಸ ಮಾತ್ರ ಉಳಿಯಿತು.

ಮೆಣಸಿನಕಾಯಿ ಬಿಡಿಸುವ ಆ ಹೆಂಗಸಿಗೆ ಒಲ್ಲೆ ಎಂದು ಹೇಳಿಕೊಟ್ಟದ್ದೇಕೆ ಎಂದು ವಕೀಲೆ ಕೇಳಿದರು.

ಹೂಂ ಎನ್ನುವುದಕ್ಕೆ ನಾವು ಹೆಬ್ಬೆರಳು ಹಿಡಿದು, ಶಾಯಿ ಹಚ್ಚಿ, ಜಾಗ ತೋರಿಸಿ ಒತ್ತಿಸುತ್ತೇವೆ, ಇನ್ನೊಂದು ಉತ್ತರವನ್ನೂ ಒಮ್ಮೆ ಬಾಯಿಂದ ಆಡಿಸಿ ನೋಡಿದರೆ ತಪ್ಪೇನು ಎಂದು ಆಪಾ ಕೇಳಿದರು.

ಇದು ಪತ್ರದಲ್ಲಿ ಎಲ್ಲಿದೆ ಎಂದರು ವಕೀಲೆ. ‘ನಿರಾಕರಿಸುವ ಹಕ್ಕು ನಿಮಗಿದೆ’ ಎಂದು ಹನ್ನೊಂದನೇ ಪುಟದಲ್ಲಿದೆ, ನಾನು ಅದನ್ನೇ ಓದಿದೆ, ನಮ್ಮ ಮಾತಿನಲ್ಲಿ ಓದಿದೆ ಎಂದರು ಆಪಾ. ವಕೀಲೆ ಬಹಳ ಹೊತ್ತು ಏನನ್ನೋ ಬರೆದರು. ಏನು ಬರೆದರೋ, ಮೇಲಿನವರು ಅದರಲ್ಲಿ ಎಷ್ಟು ಉಳಿಸಿದರೋ, ತಿಂಗಳ ನಂತರ ಬಂದ ವರದಿಯಲ್ಲಿ ಇದ್ದದ್ದು ಒಂದೇ ಸಾಲು. ‘ಅನುಮೋದಿತ ಪ್ರಮಾಣಕ್ಕಿಂತ ಹೆಚ್ಚಿನ ಮಾಹಿತಿ ನೀಡಲಾಗಿದೆ.’ ಪರಿಹಾರವಾಗಿ ಆಪಾಗೆ ಮರುತರಬೇತಿ. ತರಬೇತುದಾರ ನಾನು.

ಅರ್ಧ ದಿನ ನಾನು ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿ ಪಾಠ ಮಾಡಿದೆ. ಒಪ್ಪಿಗೆ ಪತ್ರ ಎಲ್ಲಿಡಬೇಕು, ಕಪಾಟಿನ ಕೀಲಿ ಯಾರ ಬಳಿ ಇರಬೇಕು, ಯಾವ ಬಣ್ಣದ ಶಾಯಿ. ಆಪಾ ಒಳ್ಳೆಯ ವಿದ್ಯಾರ್ಥಿನಿಯಂತೆ ಎಲ್ಲ ಬರೆದುಕೊಂಡರು. ಕೊನೆಗೆ ಸಂಶಯವೇನಾದರೂ ಇದೆಯೇ ಎಂದೆ.

"ಎಲ್ಲಾ ತಿಳೀತ್ರಿ ಸರ. ಇದರೊಳಗ ಪೇಷಂಟ ಯಾವಾಗ ಬರ್ತಾನ?"

ಅವರನ್ನು ನೆಲಮಹಡಿಗೆ, ತೂಕ ಮತ್ತು ಬಿ.ಪಿ. ನೋಡುವ ಕುರ್ಚಿಗೆ ಹಾಕಲಾಯಿತು. ಮೇಲೆ ಹೊಸದಾಗಿ ಬಂದ ತರುಣಿಗೆ ರೇಡಿಯೋದವರಂಥ ದನಿ. ಹದಿನಾರು ಪುಟವನ್ನೂ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದುತ್ತಿದ್ದಳು. ಕೇಳಿದವರು ಪುರಾಣ ಮುಗಿದ ಮೇಲೆ ಕೈ ಮುಗಿಯುವಂತೆ ಕೈ ಮುಗಿದು ಹೆಬ್ಬೆಟ್ಟು ಒತ್ತುತ್ತಿದ್ದರು. ‘ಕಾಲಿಗೆ ಸ್ಪರ್ಶ ತಿಳಿಯುತ್ತದೆಯೇ?’ ಎಂದು ಅವಳು ಕೇಳುವಳು, ಅವರು ಹೂಂ ಎನ್ನುವರು, ಅವಳು ಗುರುತು ಹಾಕುವಳು. ಎರಡೇ ತಿಂಗಳಲ್ಲಿ ರಾಣೆಬೆನ್ನೂರು ಹಸಿರಾಯಿತು. ದೊಡ್ಡ ಡಾಕ್ಟರು ಇಡೀ ವಿಭಾಗಕ್ಕೆ ಗಿರ್ಮಿಟ್ ಮಿರ್ಚಿ ತರಿಸಿದರು.

ಗುತ್ತಲದ ಕಡೆಯ ಒಬ್ಬ ಹೆಂಗಸು ಮುಲಾಮು ಹಚ್ಚಿಕೊಳ್ಳತೊಡಗಿ ಮೂರು ವಾರವಾಗಿತ್ತು. ತೂಕ ನೋಡಿಸಲು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದಾಗ, ಇಳಿದ ಜಾಗ ಒದ್ದೆಯಾಗಿದ್ದದ್ದನ್ನು ಆಪಾ ಕಂಡರು. ಕೂರಿಸಿ ಪಾದ ಎತ್ತಿ ನೋಡಿದರೆ ಹೆಬ್ಬೆರಳಿನ ಕೆಳಗೆ ಬೊಬ್ಬೆ ಒಡೆದು ಹುಣ್ಣಾಗಿ ಕೀವು ತುಂಬಿತ್ತು.

"ಎಷ್ಟ ದಿನ ಆತವಾ ಇದು?"

"ಯಾವುದ್ರಿ?" ಎಂದಳು ಆಕೆ. ಅವಳಿಗೆ ಏನೂ ಗೊತ್ತೇ ಆಗಿರಲಿಲ್ಲ.

ಆಪಾ ಆಕೆಯನ್ನು ಲಿಫ್ಟಿನಲ್ಲಿ ಮೇಲೆ ಕರೆತಂದು ದೊಡ್ಡ ಡಾಕ್ಟರ ಮುಂದೆ ಕೂರಿಸಿದರು. ನಾನೂ ಅಲ್ಲಿದ್ದೆ. ಡಾಕ್ಟರು ಕಾಲು ನೋಡಿ, ಔಷಧ ಬರೆದು, ಹೆಂಗಸನ್ನು ಹೊರಗೆ ಕಳಿಸಿ ನನ್ನ ಕಡೆ ತಿರುಗಿದರು.

"ಚಪ್ಪಲಿ ಕಚ್ಚೇತಿ. ಹೊಸಾ ಚಪ್ಪಲಿ. ಹಂಗ ಬರಕೋ."

"ಆಕಿದು ಹಳೇ ಹವಾಯಿ ಚಪ್ಪಲ್ರಿ ಸಾಹೇಬ್ರ" ಎಂದರು ಆಪಾ. "ಕಾಲಿಗೆ ಸ್ಪರ್ಶಾನ ಇಲ್ಲ. ಮುಲಾಮು ಸುಟ್ಟೇತಿ."

"ಆಪಾ, ನಿಮ್ಮ ಕೆಲಸ ತೂಕ ನೋಡೂದು."

ನಾನು ಬರೆದೆ. ‘ಪಾದರಕ್ಷೆಯಿಂದ ಉಂಟಾದ ಗಾಯ, ಅಧ್ಯಯನದ ಔಷಧಕ್ಕೆ ಸಂಬಂಧವಿಲ್ಲ.’ ಕೆಳಗೆ ದಿನಾಂಕ, ನೀಲಿ ಶಾಯಿಯಲ್ಲಿ ಸಹಿ. ನಿಯಮದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಆಪಾ ನಾನು ಬರೆದು ಮುಗಿಸುವವರೆಗೂ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಏನಾದರೂ ಅನ್ನಬಹುದಿತ್ತು.

ಹದಿನಾರನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ತಕರಾರಿದ್ದರೆ ಬರೆಯಬೇಕಾದ ಒಂದು ವಿಳಾಸವಿತ್ತು. ಆ ವಿಳಾಸಕ್ಕೆ ಆಪಾ ಗೆರೆ ಹಾಳೆಯ ಮೇಲೆ ಕನ್ನಡದಲ್ಲಿ ಪತ್ರ ಬರೆದು, ಬ್ಯಾಡಗಿಯ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದ್ದರು. ಇದು ನನಗೆ ತಿಳಿದದ್ದು ಅದೇ ವಕೀಲೆ ಮತ್ತೆ ಬಂದಾಗ. ಈ ಸಲ ಒಬ್ಬರೇ ಬಂದರು, ಮೊದಲು ಗುತ್ತಲಕ್ಕೆ ಹೋಗಿ ಆ ಹೆಂಗಸಿನ ಕಾಲು ನೋಡಿಕೊಂಡು ಬಂದರು. ಆ ಹೊತ್ತಿಗೆ ಹಾವೇರಿಯಲ್ಲಿ ಆಕೆಯ ಹೆಬ್ಬೆರಳು ತೆಗೆದಿದ್ದರು. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಅದೂ ಉಳಿಯುತ್ತಿರಲಿಲ್ಲವೆಂದು ಅಲ್ಲಿನ ಡಾಕ್ಟರು ಹೇಳಿದರಂತೆ. ವಕೀಲೆ ಹಸಿರು ಕೇಂದ್ರಗಳಿಗೂ ಹೋದರು. ಅಲ್ಲಿ ಸ್ಪರ್ಶವಿಲ್ಲದ ಕಾಲುಗಳು ಇನ್ನಷ್ಟು ಸಿಕ್ಕವು. ಎಲ್ಲರೂ ಒಪ್ಪಿದ್ದ ಆ ಒಂದು ಕೇಂದ್ರದಲ್ಲಿ ಮಾತ್ರ ಯಾವ ಕಾಲೂ ಸುಟ್ಟಿರಲಿಲ್ಲ, ಯಾಕೆಂದರೆ ಅಲ್ಲಿ ಕಾಲುಗಳೇ ಇರಲಿಲ್ಲ. ಹೆಸರುಗಳಷ್ಟೇ ಇದ್ದವು.

ಪ್ರಯೋಗ ನಿಂತಿತು. ಗುತ್ತಲದ ಹೆಂಗಸಿಗೆ ಪರಿಹಾರ ಸಿಕ್ಕಿತು. ದೊಡ್ಡ ಡಾಕ್ಟರು ‘ವೈಯಕ್ತಿಕ ಕಾರಣಗಳಿಂದ’ ಸಂಶೋಧನೆ ಬಿಟ್ಟರು. ನಾನು ಬರೆದ ಚಪ್ಪಲಿಯ ಗತಿ ಏನಾಗುವುದೋ ಎಂದು ಕಾಯುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಬರೆದುಕೊಂಡೆ ಎಂದು ನಾನು ಹೇಳಿದ್ದನ್ನು ಯಾರೂ ಕೆದಕಲಿಲ್ಲ. ಬದಲಿಗೆ ಕಂಪನಿಯ ಅಂತಿಮ ವರದಿಯಲ್ಲಿ, ತಪ್ಪನ್ನು ಒಳಗಿನಿಂದಲೇ ಹೊರಗೆ ತಂದ ಏಕೈಕ ಕೇಂದ್ರವೆಂದು ರಾಣೆಬೆನ್ನೂರಿಗೆ ಪ್ರಶಂಸೆ ಬಂತು. ತಕರಾರು ಒಳಗಿನಿಂದ ಬಂದಿದೆ ಎಂದರೆ ಒಳಗಿನ ವ್ಯವಸ್ಥೆ ಗಟ್ಟಿಯಾಗಿದೆ ಎಂದರ್ಥ. ಒಳಗಿನ ವ್ಯವಸ್ಥೆ ಎಂದರೆ ಕಂಪ್ಲಾಯನ್ಸ್ ಸಂಯೋಜಕ. ನಾನು ಮುಂಬೈಗೆ ಹೋಗಿ, ಕೋಟು ಹಾಕಿಕೊಂಡು, ಪ್ರಶಸ್ತಿಯ ಗಾಜಿನ ಫಲಕ ಇಸಿದುಕೊಂಡು ಬಂದೆ. ಅದರ ಹಿಂದೆಯೇ ಅದೇ ಕಂಪನಿಯಲ್ಲಿ, ಹುಬ್ಬಳ್ಳಿಯಲ್ಲಿ, ತರಬೇತಿ ಕೊಡುವ ಕೆಲಸ ಸಿಕ್ಕಿತು. ಪ್ರಯೋಗವೇ ನಿಂತ ಮೇಲೆ ಆಪಾನ ಗುತ್ತಿಗೆ ತಾನಾಗಿ ಮುಗಿದಿತ್ತು.

ಹುಬ್ಬಳ್ಳಿಗೆ ಹೋಗುವ ಮೊದಲು ಒಂದು ಡಬ್ಬಿ ಪೇಢೆ ತೆಗೆದುಕೊಂಡು ಬ್ಯಾಡಗಿಗೆ ಹೋದೆ. ಆಪಾ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಡಬ್ಬಿಯನ್ನು ಒಳಗೂ ಒಯ್ಯಲಿಲ್ಲ, ಬಿಚ್ಚಲೂ ಇಲ್ಲ.

"ಚಪ್ಪಲಿ ಅಂತ ಬರದಾಗ ನಿಮಗ ಏನನಸ್ತ್ರಿ ಸರ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಎಷ್ಟು ದಿನದಿಂದ ನೋವು ಎಂದು ರೋಗಿಯನ್ನು ಕೇಳುವಂತೆಯೇ ಇತ್ತು.

"ನೌಕರಿ ಹೋದೀತು ಅನಸ್ತ್ರಿ ಆಪಾ."

"ಹೂಂ. ಅದೂ ಖರೇನ." ಕಪ್ಪನ್ನು ನನ್ನ ಕಡೆ ಸರಿಸಿ, "ಚಾ ಕುಡೀರಿ, ಆರತೈತಿ" ಎಂದರು.

ಆಮೇಲೆ ಅವರನ್ನು ನಾನು ಕಂಡದ್ದು ಎರಡೋ ಮೂರೋ ಸಲ. ಬ್ಯಾಡಗಿಯ ಜನ ಆಪರೇಷನ್ನಿನ ಕಾಗದ, ವಿಮೆಯ ಕಾಗದ ಹಿಡಿದು ಅವರ ಪಡಸಾಲೆಗೆ ಬರುತ್ತಿದ್ದರಂತೆ. ಇವರು ಓದಿ ಹೇಳುವರು, ಅವರು ಸಹಿ ಹಾಕುವರು ಅಥವಾ ಹಾಕದೆ ಹೋಗುವರು. ಮಣ್ಣು ಕೊಟ್ಟ ಆ ಸಂಜೆ ಮನೆಯ ಮುಂದೆ ಕೂತಿದ್ದವರಲ್ಲಿ ಅಂಥವರೇ ಹೆಚ್ಚು. ಅವರ ನಡುವೆ ನಾನೊಬ್ಬನೇ ಬೂಟು ಹಾಕಿಕೊಂಡು ಕೂತಿದ್ದೆ. ಯಾರೋ, "ಆಪಾನ ಸಾಹೇಬ್ರು ಇವರು" ಎಂದು ಪರಿಚಯ ಮಾಡಿಕೊಟ್ಟರು. ಒಬ್ಬ ಮುದುಕ ಎದ್ದು ನಮಸ್ಕಾರ ಮಾಡಿದ.

ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಎಲ್ಲ ನೌಕರರೂ ಕಂಪ್ಯೂಟರಿನಲ್ಲಿ ಒಂದು ಘೋಷಣಾ ಪತ್ರ ತುಂಬಬೇಕು. ನೀವು ಎಂದಾದರೂ ಸುಳ್ಳು ದಾಖಲೆ ಬರೆದಿದ್ದೀರಾ, ಹೌದು ಅಥವಾ ಇಲ್ಲ. ಬ್ಯಾಡಗಿಯಿಂದ ಬಂದ ವಾರವೇ ಆ ಪತ್ರ ಬಂತು. ನಾನು ‘ಹೌದು’ ಒತ್ತಿದೆ. ವಿವರಿಸಿ ಎಂದು ಒಂದು ಸಣ್ಣ ಡಬ್ಬಿ ತೆರೆದುಕೊಂಡಿತು. ಗುತ್ತಲದ ಹೆಂಗಸು, ಕಾಲು, ಚಪ್ಪಲಿ, ನನ್ನ ಸಹಿ, ಎಲ್ಲವನ್ನೂ ಹಿಡಿಸಿದಷ್ಟು ಬರೆದು ಕಳಿಸಿದೆ. ಕಳಿಸಿದ ಮೇಲೆ ಎದೆ ಹಗುರಾದದ್ದೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಬೆಂಗಳೂರಿನ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಬಹಳ ಮರ್ಯಾದಸ್ಥ ದನಿ.

"ಸರ್, ನಿಮ್ಮ ಫಾರ್ಮ್‌ನಲ್ಲಿ ಮೂರನೇ ಪ್ರಶ್ನೆಗೆ ಹೌದು ಅಂತ ಬಿದ್ದಿದೆ. ಕೈತಪ್ಪಿ ಒತ್ತಿರ್ತೀರ ಅನ್ಸುತ್ತೆ. ಅದು ಹಾಗೇ ಇದ್ರೆ ಕೇಸ್ ಓಪನ್ ಆಗುತ್ತೆ ಸರ್, ನಿಮ್ಮ ಟ್ರೈನಿಂಗ್‌ಗಳೆಲ್ಲ ನಿಲ್ಲುತ್ತೆ. ನಾನೇ ಇಲ್ಲಿಂದ ‘ಇಲ್ಲ’ ಅಂತ ಸರಿ ಮಾಡ್ಲಾ ಸರ್?"

ಕಿಟಕಿಯ ಹೊರಗೆ ಆಸ್ಪತ್ರೆಯ ಬಸ್ಸೊಂದು ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು. ಎದ್ದು ಕಿಟಕಿ ಮುಚ್ಚಿದೆ. ಆಕೆ, "ಹಲೋ, ಸರ್?" ಎಂದಳು.

"ಮಾಡಿಬಿಡಮ್ಮಾ" ಎಂದೆ.